ಚಿತ್ರದುರ್ಗದಲ್ಲೇ ಇಷ್ಟು ಬಂಡೆ ಇರುವಾಗ ಹಂಪಿ ಕಡೆ ಯಾಕೆ ಹೋಗಬೇಕು?

ಪ್ರಶ್ನೆ: ನಾನು ದಾವಣಗೆರೆಯವನು, ಬೆಂಗಳೂರಿನಲ್ಲಿ ಕೆಲಸ. ಅಲ್ಲಿನ ಕ್ಲೈಂಬಿಂಗ್ ಜಿಮ್ ಒಂದರಲ್ಲಿ ಆರು ತಿಂಗಳಿಂದ ಬೌಲ್ಡರಿಂಗ್ (ಹಗ್ಗ ಇಲ್ಲದೆ ಗಿಡ್ಡ ಬಂಡೆ, ಗೋಡೆ ಹತ್ತೋದು) ಮಾಡ್ತಿದ್ದೀನಿ. ಗೋಡೆ ಮೇಲೆ ವಿ3 (ಕಷ್ಟದ ದರ್ಜೆ, ಅಂಕಿ ಏರಿದಷ್ಟೂ ಕಷ್ಟ) ತನಕ ಆಗುತ್ತೆ. ಫೆಬ್ರವರಿ ಕೊನೆಯ ವಾರಾಂತ್ಯಕ್ಕೆ ನಾಲ್ಕು ಜನ ಗೆಳೆಯರನ್ನು ಕರ್ಕೊಂಡು ಊರಿಗೆ ಬರ್ತಿದ್ದೀನಿ. ಅವರಲ್ಲಿ ಇಬ್ಬರು ಒಮ್ಮೆಯೂ ಬಂಡೆ ಹತ್ತಿದವರಲ್ಲ. ಪಕ್ಕದ ಚಿತ್ರದುರ್ಗದ ತುಂಬಾ ಬಂಡೆಗಳೇ ಇರುವಾಗ ಹಂಪಿ, ಬಾದಾಮಿ ಅಂತ ಯಾಕೆ ಅಲೆಯಬೇಕು? ಕೋಟೆಯಲ್ಲಿ, ಚಂದ್ರವಳ್ಳಿಯಲ್ಲಿ ಹತ್ತಬಹುದಾ? ನಮ್ಮ ಹತ್ತಿರ ಇರೋದು ಒಂದೇ ಕ್ರ್ಯಾಶ್ ಪ್ಯಾಡ್ (ಬಿದ್ದಾಗ ಪೆಟ್ಟು ತಡೆಯೋಕೆ ಕೆಳಗೆ ಹಾಸೋ ಫೋಮ್ ಹಾಸು). ಮನೆಯಿಂದ ಎರಡು ಹತ್ತಿ ಗಾದಿ ತಂದರೆ ಸಾಕಾಗುತ್ತಾ? ಜೋಗಿಮಟ್ಟಿ ಕಡೆ ಕರಡಿ ಇವೆ ಅಂತ ಅಮ್ಮ ಬೇಡವೇ ಬೇಡ ಅಂತಿದ್ದಾರೆ. ಅವರದು ಅತಿಯಾದ ಭಯವಾ? ಹದಿನಾರು ವರ್ಷದ ತಮ್ಮ ಬೇರೆ ಬರ್ತೀನಿ ಅಂತ ಹಟ ಹಿಡಿದಿದ್ದಾನೆ.

ಉತ್ತರ: ಪ್ರಶ್ನೆ ಐದಾರು ಇದ್ದರೂ ನಿಮ್ಮ ಚಿಂತೆ ಒಂದೇ ಅನ್ನಿಸುತ್ತೆ. ಮನೆ ಬಾಗಿಲಲ್ಲಿ ಇಷ್ಟು ಬಂಡೆ ಇಟ್ಟುಕೊಂಡು ದೂರ ಹೋಗೋಕೆ ಮನಸ್ಸಿಲ್ಲ, ಇಲ್ಲೇ ಹತ್ತಿ ಯಾರಿಗಾದರೂ ಪೆಟ್ಟಾದರೆ ಅನ್ನೋ ಅಳುಕೂ ಇದೆ. ಮೊದಲೇ ಹೇಳಿಬಿಡ್ತೀನಿ. ಕೋಟೆ ಬೇಡ, ಚಂದ್ರವಳ್ಳಿ ಬೇಡ, ಜೋಗಿಮಟ್ಟಿಯೂ ಬೇಡ. ಈ ಗುಂಪಿಗೆ ಹಂಪಿಯ ಎದುರಿಗೆ ತುಂಗಭದ್ರೆಯ ಆಚೆ ದಡ, ಅಂದರೆ ಆನೆಗೊಂದಿ–ಸಾಣಾಪುರದ ಕಡೆ ಸರಿ. ದುರ್ಗದಲ್ಲೂ ಹತ್ತಬಹುದು. ಆದರೆ ನೀವು ಅಂದುಕೊಂಡ ಜಾಗದಲ್ಲಲ್ಲ.

ಜನ ಜಾಗ ಆರಿಸುವಾಗ ಬಂಡೆ ನೋಡ್ತಾರೆ. ಫೋಟೊದಲ್ಲಿ ಬರೋದೂ ಅದೇ. ಹೊಸಬರನ್ನು ಬಂಡೆ ಹತ್ತಿಸೋದೇ ನನ್ನ ಕೆಲಸ. ನಾನು ನೋಡೋದು ಬಂಡೆಯ ಬುಡ, ಬಂಡೆಯ ಬೆನ್ನು ಮತ್ತು ಆ ನೆಲ ಯಾರದು ಅನ್ನೋದು. ಬುಡ ಅಂದರೆ ಬಿದ್ದರೆ ಎಲ್ಲಿಗೆ ಬೀಳ್ತೀರಿ ಅಂತ. ಬೆನ್ನು ಅಂದರೆ ಹತ್ತಿದ ಮೇಲೆ ಯಾವ ಕಡೆಯಿಂದ ಇಳೀತೀರಿ ಅಂತ. ಈ ಮೂರರಲ್ಲಿ ಒಂದು ಸರಿ ಇಲ್ಲದಿದ್ದರೂ ಎಂಥಾ ಚೆಂದದ ಬಂಡೆಯನ್ನೂ ಬಿಟ್ಟು ಮುಂದೆ ಹೋಗ್ತೀನಿ.

ಕೋಟೆಯ ವಿಷಯ ಮೊದಲು ಮುಗಿಸೋಣ. 'ಕೋತಿರಾಜ್ ಬರಿಗೈಲಿ ಸರಸರ ಹತ್ತುತ್ತಾರಲ್ಲ, ನಾವು ಹತ್ತಿದರೆ ಏನು' ಅನ್ನೋ ಮಾತು ನನ್ನ ಹತ್ತಿರ ಬರುವ ಹುಡುಗರಲ್ಲಿ ಮಾಮೂಲಿ. ಕೋತಿರಾಜ್ ಅಂತ ಜನ ಕರೆಯೋ ಜ್ಯೋತಿರಾಜ್ ಆ ಕೋಟೆ ಗೋಡೆಗಳ ಮೇಲೆ ವರ್ಷಗಟ್ಟಲೆ ಪಳಗಿದವರು. ಅವರ ಕೈಕಾಲಿಗೆ ಯಾವ ಸಂದು ಎಲ್ಲಿದೆ ಅಂತ ಗೊತ್ತು. ಅವರನ್ನು ನೋಡಿ ಚಪ್ಪಾಳೆ ಹೊಡೆಯೋಣ, ಅನುಕರಣೆ ಬೇಡ. ಇನ್ನೊಂದು, ಕೋಟೆ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. 1958ರ ಕಾಯ್ದೆಯ ಪ್ರಕಾರ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. 'ನಾವೇನು ಹಾನಿ ಮಾಡ್ತೀವಿ' ಅಂತೀರಿ. ಹಿಡಿತಕ್ಕೆ ಅಂತ ಕೈಗೆ ಹಚ್ಚೋ ಚಾಕ್ ಪುಡಿ ಬೆವರಿನ ಜೊತೆ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಕೂರುತ್ತೆ, ತಂತಿ ಬ್ರಷ್ ಹಾಕಿ ಉಜ್ಜಿದರೆ ಕಲ್ಲಿನ ಮೇಲ್ಮೈಯೇ ಹೋಗುತ್ತೆ.

ಚಂದ್ರವಳ್ಳಿಯಲ್ಲಿ ಇದು ಇನ್ನೂ ಸೂಕ್ಷ್ಮ. ಕದಂಬರ ಮಯೂರಶರ್ಮನ ಕೆರೆ ಶಾಸನ ಇರೋದು ಅಲ್ಲಿನ ಬಂಡೆಯ ಮೇಲೇ. ನೋಡಿದ ತಕ್ಷಣ ಅಕ್ಷರ ಅಂತ ಎಲ್ಲರಿಗೂ ಗೊತ್ತಾಗಲ್ಲ. ಮೊಳಕಾಲ್ಮೂರು ತಾಲ್ಲೂಕಿನದೂ ಇದೇ ಕತೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಅಶೋಕನ ಶಾಸನಗಳು ಬಂಡೆಯ ಮೇಲಿವೆ. ಶಾಸನ ತಜ್ಞ ಬಿ.ಎಲ್. ರೈಸ್ ಅವನ್ನು ಪತ್ತೆ ಮಾಡಿದ್ದು 1892ರಲ್ಲಿ. ಅಲ್ಲಿಯವರೆಗೆ ಊರಿನವರಿಗೆ ಅವು ಬರೀ ಗೀರು ಬಿದ್ದ ಕಲ್ಲುಗಳು. ಬಂಡೆ ಹತ್ತೋರ ಕಣ್ಣಿಗೆ ಆ ಕಡೆಯ ಗುಡ್ಡಗಳು ಹಬ್ಬದೂಟ, ಒಪ್ತೀನಿ. ಆದರೂ ಶಾಸನದ ಸುತ್ತಮುತ್ತ ಶೂ ಕಾಲಿಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಜೋಗಿಮಟ್ಟಿ ವನ್ಯಧಾಮ. ಅರಣ್ಯ ಇಲಾಖೆ ಬಿಟ್ಟ ದಾರಿ ಬಿಟ್ಟು ಒಳಗೆ ಹೋಗೋದೇ ತಪ್ಪು. ಇಲ್ಲಿಗೆ ಅಮ್ಮನ ಮಾತು ಬರುತ್ತೆ. ಅವರದು ಅತಿಯಾದ ಭಯ ಅಲ್ಲ. ನಮ್ಮ ಕಡೆಯ ಕಲ್ಲುಗುಡ್ಡಗಳಲ್ಲಿ ಕರಡಿ ಇರೋದು ನಿಜ. ಅವು ಹಗಲು ಮಲಗೋದು ಬಂಡೆಗಳ ನಡುವಿನ ಗವಿ, ಪೊಟರೆಗಳಲ್ಲಿ. ಬೌಲ್ಡರಿಂಗ್ ಮಾಡೋರು ಹುಡುಕಿಕೊಂಡು ಹೋಗೋದೂ ಅಂಥ ಜಾಗಗಳನ್ನೇ, ಮೇಲೆ ಚಾಚಿದ ಬಂಡೆ, ಕೆಳಗೆ ನೆರಳು. ಕರಡಿಗೆ ದೃಷ್ಟಿ ಮಂದ. ಮೂಸಿ ತಿಳಿಯೋದೇ ಜಾಸ್ತಿ. ಹಾಗಾಗಿ ನಾವು ಹತ್ತಿರ ಬರೋ ತನಕ ಅದಕ್ಕೆ ಗೊತ್ತಾಗದೇ ಇರಬಹುದು. ಗೊತ್ತಾದಾಗ ಗಾಬರಿ ಬಿದ್ದು ಮೇಲೆರಗುತ್ತೆ. ಕರಡಿ ದಾಳಿಯಲ್ಲಿ ಮುಖ, ತಲೆಗೆ ಬೀಳುವ ಗಾಯಗಳು ಭೀಕರ.

ಅಮ್ಮನಿಗೆ ಇನ್ನೊಂದು ಅರ್ಧವನ್ನೂ ಹೇಳಿ. ಊರಿನ ಹತ್ತಿರದ, ದನ ಮೇಯುವ, ಬಯಲಿನ ಬಂಡೆಗಳಲ್ಲಿ ಬಿಸಿಲು ಬಂದ ಮೇಲೆ ಆ ಅಪಾಯ ತುಂಬಾ ಕಮ್ಮಿ. ಮಾತಾಡ್ತಾ ನಡೀರಿ. ಗವಿ ಬಾಯಲ್ಲಿ ತಲೆ ಹಾಕಿ ಇಣುಕಬೇಡಿ. ಕತ್ತಲಾಗುವ ಮೊದಲು ವಾಪಸ್ ರಸ್ತೆಗೆ ಬನ್ನಿ. ಆನೆಗೊಂದಿ ಕಡೆ ಹೋದರೆ ಕರಡಿ ಇರಲ್ಲ ಅಂತಲೂ ಅಂದುಕೊಳ್ಳಬೇಡಿ. ದರೋಜಿ ಕರಡಿಧಾಮ ಇರೋದು ಹಂಪಿಗೆ ಹತ್ತಿರದಲ್ಲೇ. ಆ ಬೆಟ್ಟಗಳಲ್ಲಿ ಚಿರತೆಯೂ ಓಡಾಡುತ್ತೆ.

ನನ್ನ ಕೇಳಿದರೆ ಕರಡಿಗಿಂತ ಜಾಸ್ತಿ ಹೆದರಬೇಕಾದ್ದು ಹೆಜ್ಜೇನಿಗೆ. ಬಂಡೆಯ ಚಾಚಿನ ಕೆಳಗೆ ಕಪ್ಪಗೆ ತೊಟ್ಟಿಲಿನಷ್ಟು ಅಗಲ ಜೋತು ಬಿದ್ದಿರುತ್ತೆ. ಕೆಳಗೆ ನಿಂತು ಕತ್ತೆತ್ತಿದರೆ ನೆರಳು ಅಂತಲೇ ಕಾಣಬಹುದು. ಹತ್ತೋ ಮೊದಲು ಸುತ್ತ ಹತ್ತಿಪ್ಪತ್ತು ಮಾರು ನಡೆದು ಎಲ್ಲಾ ಚಾಚುಗಳನ್ನೂ ನೋಡಿ. ಗೂಡು ಇದ್ದರೆ ಆ ಕಡೆ ಇಡೀ ದಿನ ಬೇಡ. ಸೆಂಟ್ ಹಾಕಬೇಡಿ, ಬೀಡಿ ಸಿಗರೇಟು ಹೊಗೆ ಬೇಡ. ಎದ್ದೇಬಿಟ್ಟರೆ ಕೈ ಬೀಸದೆ ಮುಖ ಮುಚ್ಚಿಕೊಂಡು ಓಡಿ. ಗೋಡೆಯ ಮಧ್ಯದಲ್ಲಿ ನೇತಾಡುವವನಿಗೆ ಓಡೋಕೆ ಆಗಲ್ಲ ಅನ್ನೋದೇ ಇಲ್ಲಿನ ದೊಡ್ಡ ಕಷ್ಟ.

ಈಗ ಗಾದಿ ಪ್ರಶ್ನೆ. 'ಬೌಲ್ಡರಿಂಗ್‌ನಲ್ಲಿ ಎತ್ತರ ಕಮ್ಮಿ, ಹಗ್ಗ ಬೇಡ, ಆದ್ದರಿಂದ ಅಪಾಯವೂ ಕಮ್ಮಿ' ಅನ್ನೋದು ತಪ್ಪು ಲೆಕ್ಕ. ಹಗ್ಗ ಇಲ್ಲ ಅಂದರೆ ಪ್ರತಿ ಸಲ ಬಿದ್ದಾಗಲೂ ಸೀದಾ ನೆಲಕ್ಕೇ ಬೀಳೋದು. ಪಾದ 3 ಮೀಟರ್ ಮೇಲಿದ್ದಾಗ ಜಾರಿದರೆ ನೆಲ ಮುಟ್ಟುವಾಗ ವೇಗ ಗಂಟೆಗೆ 27 ಕಿ.ಮೀ. ದಾಟಿರುತ್ತೆ. 4 ಮೀಟರ್ ಆದರೆ 32ರ ಹತ್ತಿರ. ಅದರ ಭಾರ ಹೊರೋದು ಪಾದದ ಗಂಟು, ಇಲ್ಲಾ ಹಿಂದಕ್ಕೆ ಕೈ ಊರಿದರೆ ಮಣಿಕಟ್ಟು.

ಜಿಮ್‌ನಲ್ಲಿ ಗೋಡೆಯಿಂದ ಗೋಡೆಗೆ ಸುಮಾರು ಒಂದಡಿ ದಪ್ಪದ ಹಾಸು ಇರುತ್ತೆ. ನೀವು ಹೇಗೆ ಬಿದ್ದರೂ ಅದರ ಮೇಲೇ. ಹೊರಗಿನ ಪ್ಯಾಡ್ ಸಾಮಾನ್ಯವಾಗಿ 10 ಸೆಂ.ಮೀ. ದಪ್ಪ, ಹೆಚ್ಚುಕಮ್ಮಿ ಒಂದು ಮೀಟರ್ ಅಗಲ. ಅದರೊಳಗೆ ಎರಡು ಥರದ ಫೋಮ್ ಇರುತ್ತೆ. ಮೇಲಿನ ಗಟ್ಟಿ ಪದರ ಪೆಟ್ಟನ್ನು ಅಗಲಕ್ಕೆ ಹರಡುತ್ತೆ, ಕೆಳಗಿನ ಮೆತ್ತನೆ ಪದರ ನಿಧಾನಕ್ಕೆ ಅದುಮಿ ವೇಗ ಇಳಿಸುತ್ತೆ. ಹತ್ತಿ ಗಾದಿಗೆ ಈ ಎರಡೂ ಬರಲ್ಲ. ಹಿಮ್ಮಡಿ ಬಿದ್ದ ಜಾಗದಲ್ಲಿ ಹತ್ತಿ ಪಕ್ಕಕ್ಕೆ ಸರಿದು, ಕೆಳಗಿನ ಕಲ್ಲು ಸೀದಾ ಸಿಗುತ್ತೆ. ಅದಕ್ಕಿಂತ ಕೆಟ್ಟದ್ದು ಅಂಚು. ಗಾದಿ ಅಂಚಿನ ಮೇಲೆ ಅರ್ಧ ಪಾದ ಬಿದ್ದರೆ ಕಾಲು ತಿರುಚುತ್ತೆ. ಗಾದಿಯನ್ನು ಮನೆಯಲ್ಲೇ ಬಿಡಿ. ಕೂತಲ್ಲಿಂದ ಶುರುವಾಗುವ ಮೊದಲ ಹಿಡಿಗಳ ಕೆಳಗೆ, ಬೆನ್ನು ಗೀರದ ಹಾಗೆ ಹಾಸೋಕೆ ಒಂದು ಹಳೇ ಚಾಪೆ ತಂದರೆ ತಂದುಕೊಳ್ಳಿ, ಅಷ್ಟೇ.

ಐದಾರು ಜನಕ್ಕೆ ಕನಿಷ್ಠ ಮೂರು ಪ್ಯಾಡ್ ಬೇಕು. ನಾನು ಆನೆಗೊಂದಿ ಅಂತ ಹೇಳೋಕೆ ಮುಖ್ಯ ಕಾರಣ ಇದೇ. ಅಲ್ಲಿ ಹತ್ತೋರು ವರ್ಷಾನುಗಟ್ಟಲೆ ಬಂದು ಹೋಗಿದ್ದಾರೆ. ಪ್ಯಾಡ್ ಬಾಡಿಗೆಗೆ ಸಿಗುತ್ತೆ, ಜೊತೆಗೆ ಬಂದು ದಾರಿ ತೋರಿಸೋರೂ ಸಿಗ್ತಾರೆ. ಮೊದಲೇ ಫೋನ್ ಮಾಡಿ ಗೊತ್ತು ಮಾಡಿಕೊಳ್ಳಿ. ಎಷ್ಟೋ ಬಂಡೆಗಳ ಮೇಲೆ ಸಡಿಲ ಚಕ್ಕೆಗಳು ಈಗಾಗಲೇ ಉದುರಿಹೋಗಿವೆ, ಇಳಿಯೋ ದಾರಿ ಗೊತ್ತಿದೆ, ಕೆಳಗಿನ ನೆಲ ತುಳಿದು ಸಮ ಆಗಿದೆ. ಹೊಸಬರಿಗೆ ಬೇಕಾದ್ದು ಇದೇ. ದಾವಣಗೆರೆಯಿಂದ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹೊಸಪೇಟೆ ಮೇಲೆ ಹೋದರೆ ಮೂರು–ಮೂರೂವರೆ ಗಂಟೆ ದಾರಿ. ಹಂಪಿ ಎದುರಿನ ವಿರೂಪಾಪುರ ಗಡ್ಡೆಯಲ್ಲಿ ಉಳೀತೀವಿ ಅಂತ ಯಾರಾದರೂ ಹಳೇ ಮಾತು ಹೇಳಿದರೆ ನಂಬಬೇಡಿ, ಅಲ್ಲಿನ ರೆಸಾರ್ಟ್‌ಗಳನ್ನು 2020ರಲ್ಲೇ ತೆರವು ಮಾಡಿದ್ದಾರೆ. ಆನೆಗೊಂದಿ, ಸಾಣಾಪುರದಲ್ಲಿ ಉಳಿಯಿರಿ. ಅಲ್ಲೂ ದೇವಸ್ಥಾನ, ಮಂಟಪದ ಪಕ್ಕದ ಬಂಡೆ ಬೇಡ. ಹಂಪಿಯ ಹೇಮಕೂಟ ಗುಡ್ಡದ ಬಂಡೆಗಳು ಎಷ್ಟೇ ಕೈ ಬೀಸಿ ಕರೆದರೂ ಅದು ಸ್ಮಾರಕದ ಜಾಗ. ಮತ್ತೆ ಬೆವರಿಳೀತು ಅಂತ ನದಿಗೆ ಹಾರಬೇಡಿ. ಆ ಬಂಡೆಗಳ ನಡುವಿನ ಸೆಳೆತ ಈಜು ಬಲ್ಲವರನ್ನೂ ಎಳೆದುಕೊಂಡು ಹೋಗಿದೆ.

ಬಾದಾಮಿ ಈ ಸಲ ಬಿಡಿ. ದಾವಣಗೆರೆಯಿಂದ 200 ಕಿ.ಮೀ.ಗೂ ಜಾಸ್ತಿ. ಅಲ್ಲಿನ ಹೆಸರು ಇರೋದು ಹಗ್ಗ ಕಟ್ಟಿ ಹತ್ತೋದಕ್ಕೆ. ಅದಕ್ಕೆ ಬೇರೆ ಸಾಮಾನು, ಬೇರೆ ತರಬೇತಿ ಬೇಕು. ಅದು ಮರಳುಗಲ್ಲು. ಮಳೆ ಬಿದ್ದು ನೀರು ಕುಡಿದಾಗ ಅದರ ಶಕ್ತಿ ಕುಗ್ಗುತ್ತೆ, ಮೇಲೆ ಒಣಗಿದ ಹಾಗೆ ಕಂಡರೂ ಹಿಡಿ ಮುರಿದು ಕೈಗೆ ಬರಬಹುದು. ಫೆಬ್ರವರಿಯಲ್ಲಿ ಆ ಚಿಂತೆ ಕಮ್ಮಿ, ಮುಂದೆ ಹೋದಾಗ ನೆನಪಿರಲಿ.

ಹಾಗಾದರೆ ದುರ್ಗದ ಕಲ್ಲು ಗಟ್ಟಿ ಅಲ್ವಾ? ಗಟ್ಟಿಯೇ. ಚಿತ್ರದುರ್ಗದ ಗ್ರಾನೈಟ್‌ಗೆ ಸುಮಾರು 260 ಕೋಟಿ ವರ್ಷ ವಯಸ್ಸು. ಆದರೆ 'ಗ್ರಾನೈಟ್ ಮುರಿಯಲ್ಲ' ಅನ್ನೋದು ಅರ್ಧ ಸತ್ಯ. ಈ ಕಲ್ಲು ಹುಟ್ಟಿದ್ದು ನೆಲದ ಆಳದಲ್ಲಿ. ಮೇಲಿನ ಭಾರ ಸವೆದುಹೋದ ಹಾಗೆಲ್ಲ ಹಿಗ್ಗಿ ಬಿರುಕು ಬಿಟ್ಟಿತು. ಬಿರುಕಿಗೆ ನೀರು ಇಳಿದು ಮೂಲೆಗಳು ಕರಗಿದವು, ಚೌಕ ತುಂಡುಗಳು ಗುಂಡಾದವು. ಅದು ಈಗಲೂ ನಿಂತಿಲ್ಲ. ಹಗಲು ಕಾದು ರಾತ್ರಿ ತಣ್ಣಗಾಗಿ, ಈರುಳ್ಳಿ ಸಿಪ್ಪೆ ಬಿಟ್ಟ ಹಾಗೆ ಮೇಲಿನ ಪದರ ಬಿಡ್ತಾನೇ ಇರುತ್ತೆ. ನಿಮ್ಮ ಕೈಗೆ ಒಳ್ಳೇ ಅಂಚು ಸಿಕ್ಕಿತು ಅಂದರೆ ಎಷ್ಟೋ ಸಲ ಅದು ಇಂಥ ಬಿಟ್ಟ ಚಕ್ಕೆಯ ತುದಿಯೇ.

ಅದನ್ನು ಕಂಡುಹಿಡಿಯೋದು ಸುಲಭ. ಹಿಡಿಯುವ ಮೊದಲು ಮುಷ್ಟಿಯಿಂದ ಬಡಿಯಿರಿ. ಗಟ್ಟಿ ಬಂಡೆ ಸದ್ದೇ ಕೊಡಲ್ಲ, ಕೈ ನೋಯುತ್ತೆ ಅಷ್ಟೇ. ಬಿಟ್ಟ ಚಕ್ಕೆ 'ಡಬ್' ಅಂತ ಟೊಳ್ಳು ಸದ್ದು ಮಾಡುತ್ತೆ, ಇನ್ನೊಂದು ಅಂಗೈ ಪಕ್ಕದಲ್ಲಿಟ್ಟಿದ್ದರೆ ನಡುಕ ಗೊತ್ತಾಗುತ್ತೆ. ಅಂಥದ್ದನ್ನು ಎಳೆಯೋದು ಬಿಡಿ, ಅದರ ಕೆಳಗೆ ಯಾರನ್ನೂ ನಿಲ್ಲಿಸಬೇಡಿ. ಹಳೇ ಕ್ವಾರಿಗಳಂತೂ ಬೇಡವೇ ಬೇಡ. ನುಣುಪು ಗೋಡೆ, ಸಮತಟ್ಟು ನೆಲ ನೋಡಿ ಆಸೆ ಆಗುತ್ತೆ. ಆದರೆ ಸಿಡಿಮದ್ದಿನ ಪೆಟ್ಟಿಗೆ ಒಳಗೆಲ್ಲ ಬಿರುಕು ಬಿಟ್ಟಿರುತ್ತೆ, ಮೇಲಿನಿಂದ ಯಾವಾಗ ಏನು ಉದುರುತ್ತೋ ಹೇಳೋಕಾಗಲ್ಲ.

ದುರ್ಗದ ಸುತ್ತ ಹತ್ತಲೇಬೇಕು ಅಂದರೆ ನಾನು ಆರಿಸೋದು ಹೊಲಗಳ ನಡುವಿನ ಬಿಡಿ ಗುಂಡುಗಳನ್ನು. ಆಳೆತ್ತರ, ಹೆಚ್ಚೆಂದರೆ ಎರಡೂವರೆ ಮೀಟರ್. ಹೊಲದವರನ್ನು ಕೇಳಿ. ಫೆಬ್ರವರಿಯಲ್ಲಿ ಎಷ್ಟೋ ಹೊಲ ಖಾಲಿ ಇರುತ್ತೆ, 'ಯಜಮಾನ್ರೇ, ಬೆಳಗ್ಗೆ ಎರಡು ಗಂಟೆ ಈ ಕಲ್ಲು ಹತ್ತಿ ಇಳಿದು ಹೋಗ್ತೀವಿ' ಅಂದರೆ ನಕ್ಕು ಒಪ್ಪೋರೇ ಜಾಸ್ತಿ. ಕೆಲವರು ಕೂತು ನೋಡಿ ಸಲಹೆಯನ್ನೂ ಕೊಡ್ತಾರೆ, ಅದಕ್ಕೆ ತಯಾರಾಗಿರಿ. ಬಂಡೆಗೆ ಸುಣ್ಣ, ಕಾವಿ, ಕುಂಕುಮ ಹಚ್ಚಿದ್ದರೆ ಅದು ದೇವರ ಕಲ್ಲು. ಅದನ್ನು ಹತ್ತೋದಿರಲಿ, ಅದರ ಮೇಲೆ ಬ್ಯಾಗನ್ನೂ ಇಡಬೇಡಿ. ಹೋಗುವಾಗ ಚಾಕ್ ಗುರುತನ್ನು ಮೆತ್ತನೆ ಬ್ರಷ್‌ನಿಂದ ಉಜ್ಜಿ ಹೋಗಿ.

ಬುಡಕ್ಕೆ ಹೋದ ಮೇಲೆ ಏನು ನೋಡಬೇಕು ಅಂತ ಹೇಳ್ತೀನಿ. ಮೊದಲು ಕೋಲಿನಿಂದ ಹುಲ್ಲು ಸರಿಸಿ. ಬರಿಗೈ ಹಾಕಬೇಡಿ, ಕೊಳಕುಮಂಡಲ ಒಣಹುಲ್ಲಲ್ಲಿ ಕಣ್ಣಿಗೇ ಬೀಳಲ್ಲ. ಹುಲ್ಲು ಸರಿದ ಮೇಲೆ ನಿಜವಾದ ನೆಲ ಕಾಣುತ್ತೆ. ಅರ್ಧ ಹೂತ ಕಲ್ಲು, ಕಡಿದು ಬಿಟ್ಟ ಬಳ್ಳಾರಿ ಜಾಲಿಯ ಚೂಪು ಬೊಡ್ಡೆ, ಬಿಲದ ಬಾಯಿ, ಒಡೆದ ಬಾಟಲಿ. ಜಾಲಿ ಬೊಡ್ಡೆಯ ಮೇಲೆ ಪ್ಯಾಡ್ ಹಾಸಿದರೆ ಮೇಲಿನಿಂದ ಚೆಂದ ಕಾಣುತ್ತೆ, ಬಿದ್ದವನ ಪಾದಕ್ಕೆ ಮಾತ್ರ ಗೊತ್ತಾಗುತ್ತೆ. ಎರಡು ಪ್ಯಾಡ್ ಹಾಸಿದರೆ ನಡುವೆ ಸಂದು ಬಿಡಬೇಡಿ, ಕಾಲು ಹೋಗಿ ಸಿಕ್ಕಿಕೊಳ್ಳೋದು ಅಲ್ಲೇ.

ಆಮೇಲೆ ಬಂಡೆಯ ಹಿಂದಕ್ಕೆ ಒಂದು ಸುತ್ತು ಹಾಕಿ. ನಡೆದು ಇಳಿಯೋ ಇಳಿಜಾರು ಇದೆಯಾ? ಇಲ್ಲದಿದ್ದರೆ ಹತ್ತಿದ ದಾರಿಯಲ್ಲೇ ವಾಪಸ್ ಇಳಿಯೋಕೆ ಆಗುತ್ತಾ? ಎರಡೂ ಇಲ್ಲ ಅಂದರೆ ಆ ಬಂಡೆ ನಿಮಗಲ್ಲ. ಜಿಮ್‌ನಲ್ಲಿ ಕೊನೆಯ ಹಿಡಿ ಮುಟ್ಟಿ ಜಿಗಿದರೆ ಆಟ ಮುಗೀತು. ಇಲ್ಲಿ ತುದಿ ದಾಟಿ ಮೇಲೆ ಎದ್ದು ನಿಲ್ಲಬೇಕು. ನಮ್ಮ ಗುಂಡು ಬಂಡೆಗಳ ನೆತ್ತಿ ನುಣುಪು, ಹಿಡಿಯೋಕೆ ಏನೂ ಇರಲ್ಲ, ಅಂಗೈ ಒತ್ತಿ, ಒಂದು ಹಿಮ್ಮಡಿ ಮೇಲಿಟ್ಟು ಮೈ ಎಳೆದುಕೊಳ್ಳಬೇಕು. ಗೋಡೆ ಮೇಲೆ ವಿ3 ಹತ್ತೋ ಎಷ್ಟೋ ಜನ ಇಲ್ಲೇ ತಡಕಾಡೋದು. ಹಾಗಾಗಿ ಹೊರಗೆ ನಿಮ್ಮ ವಿ3ಯನ್ನು ವಿ1 ಅಂತ ಲೆಕ್ಕ ಇಟ್ಟುಕೊಳ್ಳಿ. ಆನೆಗೊಂದಿ ಕಡೆ ಫ್ರೆಂಚ್ ಲೆಕ್ಕದಲ್ಲಿ ಹೇಳೋರೂ ಇರ್ತಾರೆ, 6ಎ ಅಂದರೆ ಹೆಚ್ಚುಕಮ್ಮಿ ವಿ3. ನಿಮ್ಮ ಇಬ್ಬರು ಹೊಸ ಗೆಳೆಯರಿಗೆ ಗ್ರೇಡಿನ ಮಾತೇ ಬೇಡ. ಇಳಿಜಾರು ಹಾಸುಬಂಡೆ ಮೇಲೆ ಕೈ ಬಿಟ್ಟು ಕಾಲನ್ನೇ ನಂಬಿ ನಡೆಯೋಕೆ ಕಲಿಸಿ. ಅದರಲ್ಲೇ ಒಂದು ಬೆಳಗ್ಗೆ ಕಳೆಯುತ್ತೆ.

ಕೆಳಗೆ ನಿಂತವರ ಕೆಲಸವನ್ನೂ ಮೊದಲೇ ಹೇಳಿಕೊಡಿ. ಬೀಳುವವರನ್ನು ಎತ್ತಿ ಹಿಡಿಯೋದು ಅವರ ಕೆಲಸ ಅಲ್ಲ, ಹಾಗೆ ಹೋದರೆ ಇಬ್ಬರಿಗೂ ಪೆಟ್ಟು. ಬೆರಳು ಅಗಲಿಸದೆ, ಹೆಬ್ಬೆರಳು ಒಳಗಿಟ್ಟು, ಸೊಂಟದ ಹತ್ತಿರ ತಳ್ಳಿ ಪ್ಯಾಡ್ ಕಡೆಗೆ ತಿರುಗಿಸಬೇಕು, ತಲೆ ಕಲ್ಲಿಗೆ ಹೋಗದ ಹಾಗೆ ನೋಡಬೇಕು. ಬೀಳುವವರು ಎರಡೂ ಕಾಲಲ್ಲಿ ಬಿದ್ದು, ಮಂಡಿ ಮಡಚಿ, ಕೈ ಎದೆಗೆ ಕಟ್ಟಿಕೊಂಡು ಹಿಂದಕ್ಕೆ ಉರುಳಬೇಕು. ಮೊದಲ ಅರ್ಧ ಗಂಟೆ ಬರೀ ಬೀಳೋದನ್ನೇ ಅಭ್ಯಾಸ ಮಾಡಿಸಿ. ಮೊಬೈಲ್‌ನಲ್ಲಿ ವಿಡಿಯೊ ಮಾಡುವವನನ್ನು ಸ್ಪಾಟರ್ (ಹೀಗೆ ಕೆಳಗೆ ನಿಂತು ಕಾಯುವವನು) ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ಹವಾಮಾನದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ನಮ್ಮ ಕಡೆ ಒಳ್ಳೇ ಕಾಲ ನವೆಂಬರ್‌ನಿಂದ ಫೆಬ್ರವರಿ. ನೀವು ಆರಿಸಿದ್ದು ಅದರ ಬಾಲ. ಮಧ್ಯಾಹ್ನ 33 ಡಿಗ್ರಿ ಆಸುಪಾಸು ಇರುತ್ತೆ, ಕಲ್ಲು ಅದಕ್ಕಿಂತ ಬಿಸಿ. ಬಿಸಿಗೆ ಬೆರಳು ಬೆವರುತ್ತೆ, ಚಾಕ್ ನಿಲ್ಲಲ್ಲ, ಚರ್ಮ ಬೇಗ ಹರಿಯುತ್ತೆ. ಸಂಜೆ ಬಿಸಿಲು ಇಳಿದರೂ ಬಂಡೆ ಇನ್ನೂ ಒಂದೆರಡು ಗಂಟೆ ಕಾದೇ ಇರುತ್ತೆ. ಆದ್ದರಿಂದ ಏಳರಿಂದ ಹತ್ತು ಗಂಟೆವರೆಗೆ ನಿಮ್ಮ ಸಮಯ. ಅದಕ್ಕೂ ಮೊದಲು ಕತ್ತಲಲ್ಲಿ ಹೊರಡಬೇಡಿ, ಕರಡಿ ಗವಿಗೆ ಮರಳುವ ಹೊತ್ತು ಅದು. ಸಂಜೆ ನಾಲ್ಕೂವರೆ ಮೇಲೆ ಪೂರ್ವಕ್ಕೆ ಮುಖ ಮಾಡಿದ ಬಂಡೆ ಹುಡುಕಿ, ಅದು ಆಗಲೇ ನೆರಳಿಗೆ ಬಂದು ತಣಿಯೋಕೆ ಶುರುವಾಗಿರುತ್ತೆ. ಭಾನುವಾರ ಬೆಳಗ್ಗೆ ಮಾತ್ರ ಹತ್ತಿ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಚರ್ಮ, ಸ್ನಾಯು ಎರಡೂ ಸೋತಿರುತ್ತೆ, 'ಕೊನೇದೊಂದು' ಅಂತ ಹೋದಾಗಲೇ ಪೆಟ್ಟಾಗೋದನ್ನು ನೋಡಿದ್ದೀನಿ.

ಪೆಟ್ಟಾದರೆ 108ಕ್ಕೆ ಕರೆ ಮಾಡಿ. ಬಂಡೆಗಳ ನಡುವೆ ಸಿಗ್ನಲ್ ಹೋಗುತ್ತೆ, ಎಲ್ಲಿ ಸಿಗುತ್ತೆ ಅಂತ ಬರುವಾಗಲೇ ನೋಡಿಟ್ಟುಕೊಳ್ಳಿ. ಆನೆಗೊಂದಿಯಿಂದ ಗಂಗಾವತಿ ಹತ್ತಿರ, ದುರ್ಗದಲ್ಲಾದರೆ ಜಿಲ್ಲಾಸ್ಪತ್ರೆ. ಪಾದದ ಗಂಟು ಊದಿಕೊಂಡು ನಾಲ್ಕು ಹೆಜ್ಜೆ ಇಡೋಕೂ ಆಗದಿದ್ದರೆ ಎಕ್ಸ್‌ರೇ ಮೊದಲು. ಎಣ್ಣೆ ಹಾಕಿ ನೀವೋದು, ಎಳೆದು ಕಟ್ಟಿಸೋದು ಬೇಡ. ಬಿರುಕು ಬಿಟ್ಟ ಮೂಳೆ ನೀವಿದರೆ ಜಾಗ ಬಿಡಬಹುದು. ಹಾವು ಕಚ್ಚಿದರೆ ಕಟ್ಟು ಕಟ್ಟಬೇಡಿ, ಕುಯ್ಯಬೇಡಿ, ಆ ಕಾಲನ್ನು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ.

ಇನ್ನು ತಮ್ಮ. ಅಪ್ಪ ಅಮ್ಮ ಒಪ್ಪಿದರೆ ಕರ್ಕೊಂಡು ಹೋಗಿ, ನನ್ನ ಅಡ್ಡಿ ಇಲ್ಲ. ಮೈ ಹಗುರ ಇರೋದರಿಂದ ನಿಮ್ಮೆಲ್ಲರಿಗಿಂತ ಚೆನ್ನಾಗಿ ಹತ್ತಿದರೂ ಆಶ್ಚರ್ಯ ಇಲ್ಲ. ಒಂದು ಎಚ್ಚರ ಮಾತ್ರ. ಆ ವಯಸ್ಸಿನಲ್ಲಿ ಬೆರಳ ಮೂಳೆ ಇನ್ನೂ ಬೆಳೀತಾ ಇರುತ್ತೆ, ಬೆಳೆಯುವ ಆ ಭಾಗ ಮೆತ್ತಗೆ. ಬೆರಳ ತುದಿಯಷ್ಟೇ ಹಿಡಿಸುವ ಸಣ್ಣ ಅಂಚುಗಳಲ್ಲಿ ಮತ್ತೆ ಮತ್ತೆ ನೇತಾಡಿದರೆ ಅಲ್ಲೇ ಬಿರುಕು ಬಿಡಬಹುದು. ದೊಡ್ಡ ಹಿಡಿಗಳಿರುವ ಬಂಡೆಗಳನ್ನೇ ಕೊಡಿ. ನಡುಬೆರಳಿನ ಮಧ್ಯದ ಗಂಟು ಒತ್ತಿದರೆ ನೋವು ಅಂದರೆ ಅವತ್ತಿಗೆ ಅವನು ಕೆಳಗೇ ಇರಲಿ. ವಾರ ಕಳೆದರೂ ನೋವು ಹೋಗದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ, ಬಂಡೆ ಹತ್ತಿದ್ದನ್ನು ಮುಚ್ಚಿಡದೆ ಹೇಳಿ.